ದ್ರುತಲೋಹದಲ್ಲಿ ವಾಯುಪರೀಕ್ಷೆ: ‘ಚೂಲಿಕಾ’ಶಬ್ದದಿಂದ ವಿದ್ಯುತ್ಕೋಶದವರೆಗೆ

೧

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಶಾಸನಗಳಲ್ಲಿ ಎಡೆದೊರೆನಾಡೆಂಬ ಹೆಸರು ಇರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ರಾಯಚೂರು ನಗರವೂ ದೇವದುರ್ಗ, ಮಾನವಿ ಮುಂತಾದ ಸೀಮೆಗಳೂ ಈ ನಾಡಿನಲ್ಲಿ ಅಡಕವಾಗಿವೆ. ಸಾಹಿತ್ಯವ್ಯಾಸಂಗ ಮಾಡಿದವರು ಈ ಸೀಮೆಯನ್ನು ದಾಸವಾಙ್ಮಯದ ತವರೆಂದು ಅರಿತಿರುವರು. ವಿಜಯದಾಸರ ಚೀಕಲಪರವಿಯೂ ಜಗನ್ನಾಥದಾಸರ ಬ್ಯಾಗವಟ್ಟಿಯೂ ಮಾನವಿಯ ಕಡೆಯವು; ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಆದರೆ ಈ ನೆಲಕ್ಕೆ ಇನ್ನೊಂದು ಚರಿತ್ರೆಯೂ ಉಂಟು. ಅದು ಲೋಹದ ಚರಿತ್ರೆ. ಲಿಂಗಸೂಗೂರು ಸೀಮೆಯ ಹಟ್ಟಿ, ದೇವದುರ್ಗ ಸೀಮೆಯ ಊಟಿ, ಮಾನವಿ ಸೀಮೆಯ ಹೀರಾಬುದ್ದಿನ್ನಿ ಎಂಬ ಮೂರು ಎಡೆಗಳಲ್ಲಿಯೂ ಚಿನ್ನದ ಅದಿರು ದೊರೆತಿದೆ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಉಳಿದಿದ್ದ ಮರದ ತುಂಡುಗಳ ಕಾಲವನ್ನು ಇಂಗಾಲದ ಪರೀಕ್ಷೆಯಿಂದ ನಿರ್ಣಯಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ತಿಳಿದುಬಂದಿತು. ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಒಡೆಯುತ್ತ ಅಂದಿನವರು ನೂರಾರು ಅಡಿಗಳ ಆಳಕ್ಕೆ ಇಳಿದಿದ್ದರು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಮೊದಲು ಕಂಡವನೂ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರೇ. ಚಿನ್ನವನ್ನರಸಿ ಹೊರಟವನಿಗೆ ಚರಿತ್ರೆಯ ನಿಕ್ಷೇಪವು ದೊರೆತಂತಾಯಿತು.

ಇದೇ ೧೯೧೫ರಲ್ಲಿ ಮತ್ತೊಂದು ಕಾರ್ಯವೂ ನಡೆಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಅಚ್ಚು ಹಾಕಿಸಿದ್ದ ಆರ್. ಶಾಮಾಶಾಸ್ತ್ರಿಗಳು ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಹದಿಮೂರನೆಯ ಅಧ್ಯಾಯವಿದೆ. ಅಲ್ಲಿ ಶುದ್ಧವಾದ ಬೆಳ್ಳಿಯ ಲಕ್ಷಣವನ್ನು ಹೇಳುವಾಗ ‘ಚೂಲಿಕಾ’ ಎಂಬ ಒಂದು ಶಬ್ದವು ಪ್ರಯೋಗವಾಗಿದೆ. ಈ ಶಬ್ದದ ಅರ್ಥವೇನು? ಕರಗಿದ ಲೋಹದ ಮೈಯಲ್ಲಿ ಕಾಣುವ ಯಾವ ವ್ಯಾಪಾರವನ್ನು ಅದು ಸೂಚಿಸುತ್ತದೆ? ಇತರ ರಸಗ್ರಂಥಗಳ ಮಾತಿಗೆ ಅದು ವಿರೋಧವೆಂದು ತೋರುವುದಕ್ಕೆ ಪರಿಹಾರವೇನು? ಈ ಪ್ರಶ್ನೆಗಳನ್ನು ವಿಚಾರಿಸುವುದೂ, ದ್ರುತಲೋಹದಲ್ಲಿ ಅಡಗಿರುವ ವಾಯುವನ್ನು ಅಳೆಯುವ ವಿದ್ಯೆಯು ಇಂದಿನ ವಿದ್ಯುತ್ಕೋಶದವರೆಗೆ ನಡೆದು ಬಂದ ದಾರಿಯನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದಗಳ ವಿಷಯ. ಕೌಟಿಲ್ಯನು ಚಿನ್ನ ಬೆಳ್ಳಿಗಳ ಕೆಲಸ ನಡೆಯುವ ಶಾಲೆಯನ್ನು ಅಕ್ಷಶಾಲೆಯೆಂದು ಕರೆದಿರುತ್ತಾನೆ. ಕನ್ನಡದ ‘ಅಕ್ಕಸಾಲೆ’ ಎಂಬುದು ಇದರ ತದ್ಭವ. ಕ್ಷಕಾರವು ಕ್ಕ ಎಂದಾಗುವುದೂ, ಶಕಾರವು ಸಕಾರವಾಗುವುದೂ, ಕೊನೆಯ ಆಕಾರವು ಎಕಾರವಾಗುವುದೂ ಕನ್ನಡ ತದ್ಭವಗಳ ಸಹಜವಾದ ನಡೆ. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಇಂತಹ ಮಾರ್ಪಾಟುಗಳನ್ನೇ ವಿಚಾರಿಸಿರುವನು. ‘ಮೂಷಾ’ ಎಂಬುದು ಇದೇ ಮಾರ್ಗದಿಂದ ‘ಮೂಸೆ’ಯಾಯಿತು. ಕೆಲಸ ಮಾಡುವ ಜಾಗ, ಕೆಲಸ ಮಾಡುವವನು, ಕೆಲಸದ ಪಾತ್ರೆ ಈ ಮೂರರ ಹೆಸರೂ ಶಾಸ್ತ್ರದಿಂದ ಕುಲುಮೆಗೆ ಇಳಿದು, ಅಲ್ಲಿ ಇಂದಿಗೂ ಬಾಳುತ್ತಿರುವುದು ಗಮನಾರ್ಹ. ಕುಲುಮೆ, ತಿದಿ, ಇಕ್ಕುಳ, ಎರಕ, ಕಿಟ್ಟ, ಒರೆ ಎಂಬ ದೇಶ್ಯಶಬ್ದಗಳು ಇವುಗಳ ಜೊತೆಗೆ ಕೂಡಿಕೊಂಡು ಕನ್ನಡದಲ್ಲಿ ಲೋಹವಿದ್ಯೆಗೆ ಬೇಕಾದ ಪರಿಭಾಷೆಯೊಂದನ್ನು ಏರ್ಪಡಿಸಿವೆ. ಆದುದರಿಂದ ಅರ್ಥಶಾಸ್ತ್ರದ ಈ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಅಕ್ಕಸಾಲಿಗನ ಕೆಲಸವನ್ನು ಸಾಕ್ಷಿಯಾಗಿ ಕರೆಯುವುದು ಅನುಚಿತವಲ್ಲ.

ಕೌಟಿಲ್ಯನು ಹೇಳುವ ಶೋಧನಕ್ರಮ ಹೀಗಿದೆ. ಅಶುದ್ಧವಾದ ಬೆಳ್ಳಿಯನ್ನು ಅದರ ಕಾಲುಭಾಗದಷ್ಟು ಸೀಸವನ್ನು ಕೂಡಿಸಿ ಕರಗಿಸಬೇಕು. ಸೀಸವು ಗಾಳಿಯ ಸಂಪರ್ಕದಿಂದ ಭಸ್ಮವಾಗುತ್ತ ತಾಮ್ರ ಮುಂತಾದ ಕೀಳು ಲೋಹಗಳ ಭಸ್ಮವನ್ನೂ ತನ್ನೊಡನೆ ಸೆಳೆದುಕೊಂಡು ಹೋಗುತ್ತದೆ. ಬೆಳ್ಳಿ ಮಾತ್ರ ಉಳಿಯುತ್ತದೆ. ಉತ್ತಮವಾದ ಬೆಳ್ಳಿಗಾಗಿ ಹದಿನೇಳು ಸಲ ಪುಟವಿಡುವ ಕ್ರಮವನ್ನೂ ಅವನು ಹೇಳಿರುವನು. ಮೂಳೆ ಬೆರೆತ ಮೂಸೆಯಲ್ಲಿ ನಾಲ್ಕು ಸಲ, ಸಮಪಾಲು ಸೀಸ ಕೂಡಿದ ಮೂಸೆಯಲ್ಲಿ ನಾಲ್ಕು, ಒಣ ಮೂಸೆಯಲ್ಲಿ ನಾಲ್ಕು, ಕಪಾಲದಲ್ಲಿ ಮೂರು, ಗೋಮಯದಲ್ಲಿ ಎರಡು. ಮೂಳೆಯ ಬೂದಿಯು ಸೀಸದ ಭಸ್ಮವನ್ನು ಹೀರಿಕೊಂಡು ಬೆಳ್ಳಿಯನ್ನು ಹೀರದೆ ಬಿಡುತ್ತದೆ. ಚಿನ್ನದ ಗಣಿಗಳ ಪರೀಕ್ಷಾಶಾಲೆಗಳಲ್ಲಿ ಅದಿರಿನ ಚಿನ್ನವನ್ನು ಗೊತ್ತುಮಾಡಲು ಸೀಸವನ್ನೂ ಮೂಳೆಬೂದಿಯ ಅಥವಾ ಅದಕ್ಕೆ ಸಮಾನವಾದ ದ್ರವ್ಯದ ಬಟ್ಟಲನ್ನೂ ಇಂದಿಗೂ ಉಪಯೋಗಿಸುತ್ತಿರುವುದರಿಂದ, ಈ ವಿಧಾನವು ಸತ್ತ ಶಾಸ್ತ್ರವಲ್ಲವೆಂದು ತಿಳಿಯತಕ್ಕುದು.

ಹೀಗೆ ಶೋಧಿಸಿದ ಬೆಳ್ಳಿ ಶುದ್ಧವಾಯಿತೆಂಬುದಕ್ಕೆ ಕೌಟಿಲ್ಯನು ನಾಲ್ಕು ಲಕ್ಷಣಗಳನ್ನು ಹೇಳುತ್ತಾನೆ. ಒಂದು, ಅದರಲ್ಲಿ ಚೂಲಿಕೆಯು ಮೇಲೆದ್ದಿರಬೇಕು, ಎರಡು, ಅದು ನಿರ್ಮಲವಾಗಿರಬೇಕು, ಮೂರು, ಹೊಳೆಯುತ್ತಿರಬೇಕು, ನಾಲ್ಕು, ಮೊಸರಿನ ಬಣ್ಣವುಳ್ಳದ್ದಾಗಿರಬೇಕು. ಇವುಗಳಲ್ಲಿ ಕೊನೆಯ ಮೂರಕ್ಕೆ ಕ್ಲೇಶವಿಲ್ಲ. ಸೀಸದ ಭಸ್ಮವು ಪೊರೆಯಂತೆ ಬೆಳ್ಳಿಯ ಮೈಯನ್ನು ಮುಚ್ಚಿರುತ್ತದೆ. ಕೊನೆಯ ಪೊರೆಯು ಹರಿದುಹೋದಾಗ ಮೈ ನಿರ್ಮಲವಾಗುತ್ತದೆ. ಆ ಕ್ಷಣದಲ್ಲಿ ಬೆಳ್ಳಿಯ ಗುಂಡು ಥಟ್ಟನೆ ಮಿಂಚುತ್ತದೆ. ಪರೀಕ್ಷಕರು ಈ ಮಿಂಚಿಗಾಗಿಯೇ ಕಾದಿರುತ್ತಾರೆ. ಗಟ್ಟಿಯಾದ ಶುದ್ಧ ಬೆಳ್ಳಿಯ ಬಿಳುಪು ಮೊಸರಿನ ಬಿಳುಪೇ. ಕ್ಲೇಶವಿರುವುದು ಚೂಲಿಕೆಯಲ್ಲಿ. ಇದಕ್ಕೆ ಗುಳ್ಳೆ ಅಥವಾ ಬೊಬ್ಬುಳಿಯೆಂದು ಅರ್ಥಮಾಡುವುದು ಒಂದು ಪಕ್ಷ. ಆದರೆ ಚೂಲಿಕಾ, ಚೂಡಾ ಎಂಬ ಶಬ್ದಗಳಿಗೆ ಜುಟ್ಟು, ಶಿಖೆ, ಕೋಳಿಯ ಮಂಡೆಯ ಚೊಟ್ಟಿ ಎಂಬ ಅರ್ಥಗಳು ಪ್ರಸಿದ್ಧವಾಗಿವೆ. ಗುಳ್ಳೆಯೆಂದೇ ಹೇಳಬೇಕಾಗಿದ್ದರೆ ಬುದ್ಬುದವೆಂಬ ಸುಲಭಶಬ್ದವಿರುವಾಗ ಶಾಸ್ತ್ರಕಾರನು ಜುಟ್ಟಿನ ವಾಚಕವನ್ನು ಏಕೆ ಹಿಡಿದನು?

೩

ಈ ಪ್ರಶ್ನೆಗೆ ಉತ್ತರವು ಕೋಶದಲ್ಲಿಲ್ಲ, ಮೂಸೆಯಲ್ಲಿದೆ. ಬೆಳ್ಳಿಯು ಸುಮಾರು ೯೬೨ ಸೆಂಟಿಗ್ರೇಡ್ ಡಿಗ್ರಿಯ ಉಷ್ಣದಲ್ಲಿ ಕರಗುತ್ತದೆ. ಕರಗಿದ ಶುದ್ಧ ಬೆಳ್ಳಿಯು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುವ ಸ್ವಭಾವವುಳ್ಳದ್ದು. ತನ್ನ ಗಾತ್ರದ ಸುಮಾರು ಇಪ್ಪತ್ತರಷ್ಟು ಆಮ್ಲಜನಕವನ್ನು ಒಳಗಿಟ್ಟುಕೊಳ್ಳಬಲ್ಲದು. ಹೀರಿಕೊಂಡಿರುವಾಗ ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಆದರೆ ಗಟ್ಟಿಯಾದ ಬೆಳ್ಳಿಯಲ್ಲಿ ಈ ವಾಯುವಿಗೆ ಬಹು ಸ್ವಲ್ಪವೇ ಸ್ಥಳವಿರುವುದು. ಆದುದರಿಂದ ಬೆಳ್ಳಿ ಆರುತ್ತ ಬಂದು ಮೇಲಿನ ಕೆನೆ ಕಟ್ಟಿಕೊಂಡೊಡನೆ ಒಳಗಿನ ಆಮ್ಲಜನಕವು ಹೊರಬೀಳಲು ಯತ್ನಿಸಿ ಆ ಕೆನೆಯನ್ನು ಒಡೆಯುತ್ತದೆ. ಇನ್ನೂ ದ್ರವವಾಗಿರುವ ಬೆಳ್ಳಿಯನ್ನು ತನ್ನೊಡನೆ ಮೇಲಕ್ಕೆ ಚಿಮ್ಮಿಸುತ್ತದೆ. ಚಿಮ್ಮಿದ ಬೆಳ್ಳಿಯು ಅಲ್ಲಿಯೇ ಹೆಪ್ಪುಗಟ್ಟಿ ಮೊಳಕೆಯಂತೆ, ಹೂಕೋಸಿನ ತಲೆಯಂತೆ, ಸಣ್ಣ ಜುಟ್ಟಿನಂತೆ ನಿಲ್ಲುತ್ತದೆ. ಯೂರೋಪಿನ ಪರೀಕ್ಷಕರು ಇದನ್ನು ಬೆಳ್ಳಿಯ ಉಗುಳುವಿಕೆಯೆಂದೂ ಮೊಳೆಯುವಿಕೆಯೆಂದೂ ಕರೆದಿರುವರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಯಾಮ್ಯುಯೆಲ್ ಲ್ಯೂಕಾಸ್, ಗೇ ಲ್ಯೂಸಾಕ್ ಮೊದಲಾದವರು ಈ ವ್ಯಾಪಾರಕ್ಕೆ ಆಮ್ಲಜನಕವೇ ಕಾರಣವೆಂದು ತೋರಿಸಿದರು. ಬೊಬ್ಬುಳಿಯು ಒಡೆದು ಹೋಗುವಂಥದು, ಜುಟ್ಟು ನಿಲ್ಲುವಂಥದು. ಕೌಟಿಲ್ಯನ ಶಬ್ದವು ನಿಂತ ವಸ್ತುವನ್ನು ಕುರಿತಿದೆ. ಆದುದರಿಂದ ಚೂಲಿಕೆಯೆಂದರೆ ಆರುವ ಬೆಳ್ಳಿಯ ಮೈಯಲ್ಲಿ ವಾಯುವು ಹೊರಬಿದ್ದು ಎದ್ದ ಶಿಖೆಯೆಂಬ ಅರ್ಥವೇ ಸಾಧುವೆಂದು ಹೇಳಬೇಕಾಗುತ್ತದೆ.

ಈ ಅರ್ಥವನ್ನು ಬಲಪಡಿಸುವ ಎರಡು ಯುಕ್ತಿಗಳುಂಟು. ಮೊದಲನೆಯದು: ಶಿಖೆಯು ಏಳುವುದು ಬೆಳ್ಳಿ ಶುದ್ಧವಾಗಿದ್ದಾಗ ಮಾತ್ರ. ಅದರಲ್ಲಿ ಸೀಸವಾಗಲಿ ತಾಮ್ರವಾಗಲಿ ಸ್ವಲ್ಪ ಉಳಿದಿದ್ದರೂ ಆ ಲೋಹಗಳು ಆಮ್ಲಜನಕವನ್ನು ಬಂಧಿಸಿ ಭಸ್ಮರೂಪಕ್ಕೆ ತರುತ್ತವೆ. ಬಂಧಿತವಾದ ಆಮ್ಲಜನಕವು ವಾಯುವಾಗಿ ಹೊರಡಲಾರದು. ಆದುದರಿಂದ ಜುಟ್ಟು ಏಳುವುದಿಲ್ಲ. ಹೀಗೆ ಚೂಲಿಕೆಯು ಶುದ್ಧಿಗೆ ನಿಜವಾದ ಲಿಂಗವಾಗಿದೆ. ಹೊಗೆಯು ಅಗ್ನಿಗೆ ಹೇಗೋ ಹಾಗೆ. ಎರಡನೆಯದು: ಕೌಟಿಲ್ಯನು ಚಿನ್ನವನ್ನೂ ಸೀಸದಿಂದಲೇ ಶೋಧಿಸಲು ಹೇಳುತ್ತಾನೆ, ಅಲ್ಲಿ ಸೀಸದ ಪ್ರಮಾಣವು ಮಾಲಿನ್ಯದ ನಾಲ್ಕರಷ್ಟು. ಆದರೆ ಶ್ರೇಷ್ಠವಾದ ಚಿನ್ನದ ಲಕ್ಷಣದಲ್ಲಿ ಕಮಲಕೇಸರದ ಬಣ್ಣ, ಮೃದುತ್ವ, ನುಣುಪು, ಹೊಳಪುಗಳನ್ನು ಎಣಿಸುವನೇ ಹೊರತು ಚೂಲಿಕೆಯನ್ನು ಹೇಳುವುದಿಲ್ಲ. ಕರಗಿದ ಚಿನ್ನವು ಆಮ್ಲಜನಕವನ್ನು ಗಣನೀಯವಾಗಿ ಹೀರಿಕೊಳ್ಳುವುದಿಲ್ಲ. ಆದುದರಿಂದ ಅದರಲ್ಲಿ ಶಿಖೆ ಏಳುವ ಪ್ರಸಕ್ತಿಯೇ ಇಲ್ಲ. ಎರಡು ಲೋಹಗಳಿಗೂ ಒಂದೇ ವಿಧವಾದ ಶೋಧನವನ್ನು ವಿಧಿಸಿದ ಗ್ರಂಥಕಾರನು ಒಂದಕ್ಕೆ ಮಾತ್ರ ಚೂಲಿಕೆಯನ್ನು ಹೇಳಿ ಮತ್ತೊಂದಕ್ಕೆ ಹೇಳದೆ ಬಿಟ್ಟಿರುವುದು ಕುಲುಮೆಯನ್ನು ಕಣ್ಣಾರೆ ಕಂಡವರ ಮಾತಿನ ಗುರುತಾಗಿದೆ.

೪

ಇನ್ನು ವಿರೋಧದ ಪರಿಹಾರ. ಸುಮಾರು ಕ್ರಿ. ಶ. ಹನ್ನೆರಡನೆಯ ಶತಮಾನದ್ದೆಂದು ಎಣಿಸುವ ರಸಾರ್ಣವವೆಂಬ ತಂತ್ರವನ್ನು ಪ್ರಫುಲ್ಲಚಂದ್ರ ರಾಯರು ಸಂಪಾದಿಸಿ ಬೆಳಕಿಗೆ ತಂದರು. ಅದರಲ್ಲಿ ಮೂಸೆಯಲ್ಲಿ ಕರಗಿದ ಲೋಹವು ಶುದ್ಧವಾಯಿತೆಂದು ತಿಳಿಯುವ ಬಗೆಯನ್ನು ಹೇಳಿದೆ. ಕಿಡಿ ಹಾರಬಾರದು, ಗುಳ್ಳೆ ಏಳಬಾರದು, ಮೈಮೇಲೆ ಗೆರೆಯಾಗಲಿ ಪೊರೆಯಾಗಲಿ ಇರಬಾರದು, ಶಬ್ದವಾಗಬಾರದು. ರತ್ನದಂತೆ ನಿಶ್ಚಲವಾಗಿರಬೇಕು ಎಂಬುದು ಅದರ ತಾತ್ಪರ್ಯ. ಕೌಟಿಲ್ಯನ ಮತದಲ್ಲಿ ವಾಯುವು ಹೊರಬಿದ್ದ ಗುರುತು ಶುದ್ಧಿಗೆ ಲಕ್ಷಣ. ರಸಾರ್ಣವದ ಮತದಲ್ಲಿ ವಾಯುವು ಹೊರಬೀಳುವ ಗುರುತು ಅಶುದ್ಧಿಗೆ ಲಕ್ಷಣ. ಒಂದೇ ಶಾಸ್ತ್ರಪರಂಪರೆಯಲ್ಲಿ ಇಂತಹ ವಿರೋಧವು ಹೇಗೆ ಸಲ್ಲುವುದು?

ಕಾಲಭೇದದಿಂದಲೂ ವಿಷಯಭೇದದಿಂದಲೂ ಇದು ಪರಿಹಾರವಾಗುತ್ತದೆ. ರಸಾರ್ಣವವು ಹೇಳುವುದು ಲೋಹವು ಮೂಸೆಯಲ್ಲಿ ದ್ರವವಾಗಿ ಬೆಂಕಿಯ ಮೇಲಿರುವ ಕಾಲದ ಸ್ಥಿತಿಯನ್ನು. ಆಗ ಗುಳ್ಳೆ ಏಳುತ್ತಿದ್ದರೆ ಒಳಗೆ ಇನ್ನೂ ತೇವವೋ ಇದ್ದಿಲೋ ಭಸ್ಮವೋ ಕೂಡಿ ರಾಸಾಯನಿಕ ವ್ಯಾಪಾರವು ನಡೆಯುತ್ತಿದೆಯೆಂದೇ ಅರ್ಥ. ತಾಮ್ರವನ್ನು ತೆಗೆದುಕೊಳ್ಳೋಣ. ಕರಗಿದ ತಾಮ್ರದಲ್ಲಿ ಜಲಜನಕವೂ ಆಮ್ಲಜನಕವೂ ಒಟ್ಟಿಗೆ ಸೇರಿದ್ದರೆ ಅವೆರಡೂ ಕೂಡಿ ನೀರಿನ ಆವಿಯಾಗಿ ಹೊರಡುತ್ತವೆ. ಕೌಟಿಲ್ಯನು ಹೇಳುವುದಾದರೋ ಶೋಧನವು ಮುಗಿದು ಬೆಳ್ಳಿಯು ಆರುವ ಕಾಲದ ಸ್ಥಿತಿಯನ್ನು. ಅದೂ ಬೆಳ್ಳಿಯೊಂದಕ್ಕೆ ಮಾತ್ರ. ಒಂದು ದ್ರವಕಾಲದ ನಿಶ್ಚಲತೆ, ಮತ್ತೊಂದು ಘನೀಭವನಕಾಲದ ಉತ್ಸ್ಫೋಟ. ಇವೆರಡೂ ಒಂದೇ ಬೆಳ್ಳಿಯ ತುಂಡಿನಲ್ಲಿ ಒಂದರ ಹಿಂದೊಂದರಂತೆ ತೋರಬಹುದು. ಹೀಗೆ ಎರಡು ವಾಕ್ಯಗಳೂ ತಮ್ಮ ತಮ್ಮ ವಿಷಯದಲ್ಲಿ ಪ್ರಮಾಣವಾಗಿಯೇ ಉಳಿಯುತ್ತವೆ.

ವಾಗ್ಭಟನ ಹೆಸರಿನಲ್ಲಿರುವ ರಸರತ್ನಸಮುಚ್ಚಯವು ಇದಕ್ಕೆ ಜ್ವಾಲೆಯ ಸಾಕ್ಷ್ಯವನ್ನು ಸೇರಿಸುತ್ತದೆ. ಕರಗಬೇಕಾದ ದ್ರವ್ಯದ ಬಣ್ಣವೇ ಜ್ವಾಲೆಯಲ್ಲಿ ಕಂಡರೆ ಅದಕ್ಕೆ ಬೀಜಾವರ್ತವೆಂದು ಹೆಸರು. ಉರಿಯು ಪ್ರಜ್ವಲಿಸಿ ಬೆಳ್ಳಗೆ ಎದ್ದರೆ ಅದು ಶುದ್ಧಾವರ್ತ. ಸತ್ತ್ವವು ಹೊರಬೀಳುವ ಕಾಲ ಅದೇ. ಕಣ್ಣು, ಕಿವಿ ಎಂಬ ಎರಡು ಇಂದ್ರಿಯಗಳನ್ನೇ ಮಾಪಕಗಳನ್ನಾಗಿ ಮಾಡಿಕೊಂಡಿದ್ದ ಕಾಲದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯು ಸಾಧ್ಯವಿರಲಿಲ್ಲ.

೫

ಎರಕದ ಕೆಲಸದಲ್ಲಿ ಈ ವಾಯುವಿನ ಹಾವಳಿಯು ಎಷ್ಟೆಂಬುದನ್ನು ನಾಡಿನ ಚರಿತ್ರೆಯಿಂದಲೇ ತಿಳಿಯಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ಪ್ರತಿಮೆಯನ್ನು ಎರಕ ಹೊಯ್ಯುವ ಕ್ರಮವನ್ನು ವಿವರಿಸಿರುವನು. ಮೇಣದ ಪ್ರತಿಮೆಗೆ ದತ್ತೂರದ ಹೂವಿನಾಕಾರದ ನಾಳಗಳನ್ನು ಕೂಡಿಸಿ, ಮೇಲೆ ಮಣ್ಣು ಬಳಿದು, ಒಣಗಿಸಿ, ಕಾಯಿಸಿ, ಮೇಣವನ್ನು ಹರಿಸಿಬಿಟ್ಟು, ಕರಗಿದ ಲೋಹವನ್ನು ಸಣ್ಣ ಧಾರೆಯಾಗಿ ಬಿಡಬೇಕೆಂಬುದು ಅದರ ಸಾರ. ಅಚ್ಚನ್ನು ಚೆನ್ನಾಗಿ ಕಾಯಿಸುವುದರಿಂದ ತೇವವು ಹೋಗುತ್ತದೆ. ಸಣ್ಣ ಧಾರೆಯು ಗಾಳಿಯನ್ನು ಒಳಗೆ ಸುತ್ತಿಕೊಂಡು ಹೋಗುವುದಿಲ್ಲ. ಇಲ್ಲಿ ವಾಯುವನ್ನು ಅಳೆಯುವ ಯತ್ನವಿಲ್ಲ; ಅದು ಬಾರದಂತೆ ತಡೆಯುವ ವಿವೇಕವಿದೆ.

ಪ್ರತಿಮೆಯಲ್ಲಿ ತೂತು ಬಿದ್ದರೆ ಅದನ್ನು ಮುಚ್ಚಬಹುದು. ಫಿರಂಗಿಯಲ್ಲಿ ಬಿದ್ದರೆ ಪ್ರಾಣಕ್ಕೆ ಬರುತ್ತದೆ. ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ರಾಯಚೂರಿಗಾಗಿ ನಡೆದ ಯುದ್ಧದಲ್ಲಿ ಫಿರಂಗಿಗಳು ಬಹುಸಂಖ್ಯೆಯಲ್ಲಿ ಇದ್ದುವೆಂದು ಪೋರ್ಚುಗೀಸ್ ಲೇಖಕ ನೂನಿಜನು ಬರೆದಿರುವನು. ಆ ಕಾಲದ ಫಿರಂಗಿಗಳಲ್ಲಿ ಎರಡು ಬಗೆ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆ ತೊಡಿಸಿ ಬಡಿದು ಕೂಡಿಸಿದವು ಒಂದು ಬಗೆ. ಇವುಗಳಲ್ಲಿ ಲೋಹವು ಕರಗುವುದೇ ಇಲ್ಲವಾದುದರಿಂದ ಕರಗಿದ ವಾಯುವಿನ ಭಯವಿಲ್ಲ. ಕಂಚಿನಿಂದ ಎರಕ ಹೊಯ್ದವು ಮತ್ತೊಂದು ಬಗೆ. ೧೫೪೯ರಲ್ಲಿ ಅಹಮದ್‌ನಗರದಲ್ಲಿ ಎರಕವಾಗಿ ತರುವಾಯ ಬಿಜಾಪುರಕ್ಕೆ ಬಂದ ಮಲಿಕ್‌-ಇ-ಮೈದಾನವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಷ್ಟು ದೊಡ್ಡ ಕಂಚಿನ ರಾಶಿಯು ಆರುವಾಗ ಒಳಗೆ ವಾಯುವು ಸಿಕ್ಕಿಕೊಂಡರೆ ಮದ್ದಿನ ಒತ್ತಡಕ್ಕೆ ಆ ಟೊಳ್ಳಿನಲ್ಲಿಯೇ ಫಿರಂಗಿಯು ಸಿಡಿದು ಗೋಲಂದಾಜನನ್ನೇ ಕೊಲ್ಲುವ ಸಂಭವವುಂಟು. ಎರಕದವನ ಕಣ್ಣಳತೆಯು ತಪ್ಪಿದರೆ ಅದರ ದಂಡವನ್ನು ತೆರುತ್ತಿದ್ದವನು ಬೇರೊಬ್ಬನು.

೬

ಕಣ್ಣಳತೆಯ ಊನವೇನೆಂಬುದನ್ನು ಈಗ ವಿಚಾರಿಸಬೇಕು. ವಾಯುವು ಹೊರಬೀಳುತ್ತಿದೆಯೆಂದು ಕಣ್ಣು ಹೇಳಬಲ್ಲದು. ಒಳಗೆ ಎಷ್ಟು ಉಳಿದಿದೆಯೆಂದು ಹೇಳಲಾರದು. ರಸಾರ್ಣವದ ನಿಶ್ಚಲತೆಯೂ ಈ ಊನಕ್ಕೆ ಹೊರತಲ್ಲ. ಅಲ್ಯೂಮಿನಿಯಮ್ ಇದಕ್ಕೆ ತಕ್ಕ ನಿದರ್ಶನ. ಅದರ ಒಂದು ನೂರು ಗ್ರಾಮ್ ದ್ರವವು ಕರಗುವ ಉಷ್ಣದಲ್ಲಿ ಸುಮಾರು ೦.೬೯ ಘನ ಸೆಂಟಿಮೀಟರು ಜಲಜನಕವನ್ನು ಹಿಡಿಯಬಲ್ಲದು; ಗಟ್ಟಿಯಾದೊಡನೆ ಸುಮಾರು ೦.೦೩೬ ಮಾತ್ರ. ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ವಾಯುವು ಹೊರಗೆ ಹೋಗಬೇಕು, ಇಲ್ಲವೆ ಒಳಗೆ ಸೂಜಿಮೊನೆಯಂತಹ ಟೊಳ್ಳುಗಳಾಗಿ ನಿಲ್ಲಬೇಕು. ಆದರೂ ಮೂಸೆಯಲ್ಲಿ ಅದು ರತ್ನದಂತೆ ನಿಶ್ಚಲವಾಗಿಯೇ ತೋರುತ್ತಿರುತ್ತದೆ.

ಯೂರೋಪಿನ ತಾಮ್ರದ ಕುಲುಮೆಗಳಲ್ಲಿಯೂ ಬಹುಕಾಲ ಕಣ್ಣಳತೆಯೇ ನಡೆಯುತ್ತಿತ್ತು. ಕರಗಿದ ತಾಮ್ರದಲ್ಲಿ ಹಸಿಮರದ ಗಳುಗಳನ್ನು ಅದ್ದಿ ಆಮ್ಲಜನಕವನ್ನು ಕಳೆಯುತ್ತಿದ್ದರು. ನಡುನಡುವೆ ಸ್ವಲ್ಪ ತಾಮ್ರವನ್ನು ತೆಗೆದು ಆರಲು ಬಿಡುತ್ತಿದ್ದರು. ಆರಿದ ಮೈಯು ತಗ್ಗಿದರೆ ಆಮ್ಲಜನಕವು ಹೆಚ್ಚು, ಉಬ್ಬಿದರೆ ಗಳುವನ್ನು ಅತಿಯಾಗಿ ಅದ್ದಿ ಜಲಜನಕವು ಸೇರಿತು, ಸಮತಲವಾಗಿದ್ದರೆ ಹದ. ಇದು ಕೌಟಿಲ್ಯನ ಚೂಲಿಕಾಪರೀಕ್ಷೆಯ ಜಾತಿಯದೇ. ಆರುವ ಮೈಯನ್ನು ನೋಡಿ ಒಳಗಿನ ವಾಯುವನ್ನು ಅನುಮಾನಿಸುವುದು.

ಅನುಮಾನದಿಂದ ಮಾನಕ್ಕೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ೧೯೦೯ರ ಸುಮಾರಿನಲ್ಲಿ ಜರ್ಮನಿಯ ಆಡಾಲ್ಫ್ ಸೀವರ್ಟ್ಸನು ಕರಗಿದ ಬೆಳ್ಳಿಯಲ್ಲಿ ಆಮ್ಲಜನಕವು ಎಷ್ಟು ಸೇರುವುದೆಂದು ಅಳೆದನು. ಮೇಲಿನ ವಾಯುವಿನ ಒತ್ತಡವು ನಾಲ್ಕರಷ್ಟಾದರೆ ಒಳಗೆ ಸೇರುವ ವಾಯುವು ಎರಡರಷ್ಟು ಮಾತ್ರ ಆಗುವುದು. ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ವಾಯುವು ಸೇರುವುದು ಎಂಬ ನಿಯಮವು ಅವನ ಹೆಸರಿನಿಂದ ಪ್ರಸಿದ್ಧವಾಗಿದೆ. ವಾಯುವಿನ ಜೋಡಿ ಪರಮಾಣುಗಳು ಲೋಹದೊಳಗೆ ಹೊಗುವಾಗ ಒಂಟಿಯಾಗಿ ಬೇರ್ಪಡುವುದೇ ಇದಕ್ಕೆ ಕಾರಣ. ಕೌಟಿಲ್ಯನ ಚೂಲಿಕೆಯನ್ನು ಎಬ್ಬಿಸಿದ ಲೋಹವೂ ವಾಯುವೂ ಯಾವುವೋ ಅವುಗಳನ್ನೇ ಸೀವರ್ಟ್ಸನೂ ಪರೀಕ್ಷಿಸಿದನೆಂಬುದು ನೆನೆಯತಕ್ಕ ವಿಷಯ.

೭

ಮೂಸೆಯಲ್ಲಿರುವ ಲೋಹವನ್ನು ಹೊರಗೆ ತೆಗೆಯದೆ ಆ ಕ್ಷಣದಲ್ಲಿಯೇ ಅಳೆಯುವ ಉಪಾಯವನ್ನು ವಿದ್ಯುತ್ಕೋಶವು ಒದಗಿಸಿತು. ಕೆಲವು ಘನಪದಾರ್ಥಗಳು ಕಾದಾಗ ವಿದ್ಯುತ್ತನ್ನು ಸಾಗಿಸುತ್ತವೆಂದು ಮೈಕೇಲ್ ಫ್ಯಾರಡೇ ೧೮೩೦ರ ದಶಕದಲ್ಲಿ ಕಂಡಿದ್ದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾಲ್ಟರ್ ನರ್ನ್ಸ್ಟನು ಜಿರ್ಕೋನಿಯಾ ಎಂಬ ಭಸ್ಮಕ್ಕೆ ಯಿಟ್ರಿಯಾ ಎಂಬ ಭಸ್ಮವನ್ನು ಬೆರೆಸಿ ದೀಪವೊಂದನ್ನು ಮಾಡಿದನು. ಈ ಮಿಶ್ರಣದಲ್ಲಿ ಆಮ್ಲಜನಕದ ಸ್ಥಾನಗಳು ಅಲ್ಲಲ್ಲಿ ಬರಿದಾಗಿರುವುದರಿಂದ ಆಮ್ಲಜನಕದ ಅಯಾನುಗಳು ಒಂದು ಬರಿದಾದ ಸ್ಥಾನದಿಂದ ಮತ್ತೊಂದಕ್ಕೆ ದಾಟುತ್ತ ಹೋಗುತ್ತವೆಂದು ೧೯೪೩ರಲ್ಲಿ ಕಾರ್ಲ್ ವಾಗ್ನರನು ವಿವರಿಸಿದನು. ೧೯೫೭ರಲ್ಲಿ ಅವನೂ ಕಿಯುಕ್ಕೋಲಾ ಎಂಬ ವಿದ್ವಾಂಸನೂ ಇಂತಹ ಘನಪದಾರ್ಥವನ್ನು ನಡುವೆ ಇಟ್ಟು ಕೋಶಗಳನ್ನು ಕಟ್ಟಿ ಆಮ್ಲಜನಕದ ಒತ್ತಡವನ್ನು ವಿದ್ಯುತ್ತಿನಿಂದ ಅಳೆಯುವ ಮಾರ್ಗವನ್ನು ಸ್ಥಾಪಿಸಿದರು.

ಇದರ ರಚನೆ ಸರಳವಾದುದು. ಒಂದು ಕೊನೆ ಮುಚ್ಚಿದ ಜಿರ್ಕೋನಿಯಾದ ಸಣ್ಣ ನಳಿಗೆಯೊಳಗೆ ಕ್ರೋಮಿಯಮ್ ಲೋಹದ ಪುಡಿಯನ್ನೂ ಅದರ ಭಸ್ಮವನ್ನೂ ತುಂಬಿರುತ್ತಾರೆ. ಈ ಮಿಶ್ರಣದಲ್ಲಿ ಆಮ್ಲಜನಕದ ಒತ್ತಡವು ಆಯಾ ಉಷ್ಣಕ್ಕೆ ಇಂತಿಷ್ಟೆಂದು ನಿಯತವಾಗಿದೆ. ನಳಿಗೆಯನ್ನು ಕರಗಿದ ಉಕ್ಕಿನಲ್ಲಿ ಅದ್ದಿದರೆ ಒಳಗೆ ತಿಳಿದ ಒತ್ತಡ, ಹೊರಗೆ ತಿಳಿಯದ ಒತ್ತಡ. ಎರಡು ನದಿಗಳ ನಡುವೆ ಎಡೆದೊರೆನಾಡು ಇರುವಂತೆ ಇವೆರಡರ ನಡುವೆ ಜಿರ್ಕೋನಿಯಾದ ಗೋಡೆಯಿದೆ. ಆ ಗೋಡೆಯು ಆಮ್ಲಜನಕದ ಅಯಾನುಗಳಿಗೆ ಮಾತ್ರ ದಾರಿ ಕೊಡುತ್ತದೆ, ಎಲೆಕ್ಟ್ರಾನುಗಳಿಗೆ ಕೊಡುವುದಿಲ್ಲ. ಆದುದರಿಂದ ಎರಡು ಕಡೆಗಳ ಒತ್ತಡದ ತಾರತಮ್ಯವು ವಿದ್ಯುತ್ತಿನ ತಾರತಮ್ಯವಾಗಿ ಮಾಪಕದಲ್ಲಿ ಕಾಣುತ್ತದೆ. ೧೬೦೦ ಡಿಗ್ರಿಯ ಉಷ್ಣದಲ್ಲಿ ಒತ್ತಡವು ಹತ್ತರಷ್ಟು ವ್ಯತ್ಯಾಸವಾದರೆ ಸುಮಾರು ೯೩ ಮಿಲಿವೋಲ್ಟುಗಳ ಭೇದವು ತೋರುವುದು. ಸೀವರ್ಟ್ಸನ ವರ್ಗಮೂಲ ನಿಯಮವನ್ನು ಕೂಡಿಸಿದರೆ ಲೋಹದೊಳಗಿನ ಆಮ್ಲಜನಕವು ಹತ್ತರಷ್ಟು ವ್ಯತ್ಯಾಸವಾದಾಗ ಭೇದವು ಅದರ ಇಮ್ಮಡಿ, ಎಂದರೆ ಸುಮಾರು ೧೮೬ ಮಿಲಿವೋಲ್ಟು. ಕೆಲವು ಸೆಕೆಂಡುಗಳಲ್ಲಿ ಉತ್ತರವು ದೊರೆಯುತ್ತದೆ. ನಳಿಗೆಯು ಆ ಒಂದೇ ಪ್ರಯೋಗಕ್ಕೆ ಮುಗಿಯುತ್ತದೆ. ಎಷ್ಟು ಅಲ್ಯೂಮಿನಿಯಮನ್ನು ಕೂಡಿಸಿ ಉಕ್ಕಿನ ಆಮ್ಲಜನಕವನ್ನು ಕಳೆಯಬೇಕೆಂಬುದನ್ನು ಉಕ್ಕಿನ ಕಾರ್ಖಾನೆಗಳಲ್ಲಿ ಈ ಮಾಪಕದಿಂದ ಗೊತ್ತುಮಾಡುತ್ತಾರೆ.

ಆಮ್ಲಜನಕಕ್ಕೆ ಜಿರ್ಕೋನಿಯಾ ಒದಗಿದಂತೆ ಜಲಜನಕಕ್ಕೂ ಬೇರೊಂದು ಜಾತಿಯ ಘನಪದಾರ್ಥಗಳು ಒದಗಿದುವು. ೧೯೮೧ರಲ್ಲಿ ಜಪಾನಿನ ಇವಾಹಾರ ಮತ್ತು ಅವನ ಸಂಗಡಿಗರು ಸ್ಟ್ರಾನ್ಷಿಯಮ್ ಮತ್ತು ಸೀರಿಯಮ್ ಕೂಡಿದ ಭಸ್ಮದಲ್ಲಿ ಜಲಜನಕದ ಅಯಾನುಗಳು ಸಂಚರಿಸುವುದನ್ನು ಪ್ರಕಟಿಸಿದರು. ಆ ಮಾರ್ಗದಲ್ಲಿಯೇ ಮುಂದುವರಿದು ಕ್ಯಾಲ್ಸಿಯಮ್ ಜಿರ್ಕೋನೇಟಿಗೆ ಸ್ವಲ್ಪ ಇಂಡಿಯಮ್ ಬೆರೆಸಿ ಕರಗಿದ ಅಲ್ಯೂಮಿನಿಯಮಿನ ಜಲಜನಕವನ್ನು ಅಳೆಯುವ ಮಾಪಕವು ಸಿದ್ಧವಾಯಿತು. ತಮಿಳುನಾಡಿನ ಕಲ್ಪಾಕ್ಕಮಿನಲ್ಲಿ ೧೯೮೫ರಲ್ಲಿ ಮೊದಲಾದ ವೇಗಬ್ರೀಡರ್ ಪರೀಕ್ಷಾ ರಿಯಾಕ್ಟರಿನಲ್ಲಿ ಉಷ್ಣವನ್ನು ಸಾಗಿಸುವುದು ಕರಗಿದ ಸೋಡಿಯಮ್. ಹಬೆಯ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಸೋಡಿಯಮನ್ನು ಕೂಡಿ ಜಲಜನಕವು ಹುಟ್ಟುತ್ತದೆ. ಆ ಜಲಜನಕವನ್ನು ಕೂಡಲೆ ಕಂಡುಹಿಡಿಯದಿದ್ದರೆ ಬಿರುಕು ಹಿರಿದಾಗಿ ಮಹಾನಾಶವಾದೀತು. ಅದಕ್ಕಾಗಿ ಅಲ್ಲಿಯ ವಿಜ್ಞಾನಿಗಳು ವಿದ್ಯುತ್ಕೋಶದ ಮಾಪಕಗಳನ್ನು ಸಿದ್ಧಪಡಿಸಿದರು. ಕರ್ನಾಟಕದಲ್ಲಿಯೂ ಈ ವಿದ್ಯೆಗೆ ನೆಲೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯರಾಗಿದ್ದ ಕೆ. ಟಿ. ಜೇಕಬರು ಘನ ವಿದ್ಯುತ್ಕೋಶಗಳಿಂದ ಲೋಹಗಳ ಮತ್ತು ಭಸ್ಮಗಳ ಗುಣಗಳನ್ನು ನಿರ್ಣಯಿಸುವುದರಲ್ಲಿ ಬಹುಕಾಲ ದುಡಿದರು. ಅದಕ್ಕೆ ಮೊದಲು, ೧೯೭೧ರಲ್ಲಿ, ಜೆಫೆಸ್ ಎಂಬ ವಿದ್ವಾಂಸನೊಡನೆ ಅವರು ಪ್ರಕಟಿಸಿದ ಸಂಶೋಧನೆಯು ಕರಗಿದ ತಾಮ್ರ, ಸೀಸ ಮತ್ತು ಇವೆರಡರ ಮಿಶ್ರಣದಲ್ಲಿರುವ ಆಮ್ಲಜನಕವನ್ನು ಕುರಿತದ್ದು. ಬೆಳ್ಳಿಯನ್ನು ಬಿಟ್ಟು ಹೋಗಬೇಕೆಂದು ಕೌಟಿಲ್ಯನು ವಿಧಿಸಿದ ಸೀಸ ತಾಮ್ರಗಳೇ ಇವು.

೮

ಇಷ್ಟನ್ನು ನೋಡಿದ ಮೇಲೆ ಒಂದು ವಿಷಯವನ್ನು ನಿಷ್ಪಕ್ಷಪಾತವಾಗಿ ನಿರ್ಣಯಿಸಬೇಕಾಗಿದೆ. ಆಧುನಿಕ ವಿದ್ಯೆಯೆಲ್ಲವೂ ಪ್ರಾಚೀನ ಗ್ರಂಥಗಳಲ್ಲಿ ಅಡಗಿದೆಯೆಂಬ ಮಾತು ಕೆಲವರಿಗೆ ಪ್ರಿಯವಾಗಿದೆ. ಕೌಟಿಲ್ಯನಿಗೆ ಆಮ್ಲಜನಕವು ತಿಳಿದಿರಲಿಲ್ಲ. ಪ್ರೀಸ್ಟ್ಲಿಯು ಅದನ್ನು ಬೇರ್ಪಡಿಸಿದ್ದು ೧೭೭೪ರಲ್ಲಿ. ಚೂಲಿಕೆಗೆ ವಾಯುವೇ ಕಾರಣವೆಂದು ಅರ್ಥಶಾಸ್ತ್ರವು ಎಲ್ಲಿಯೂ ಹೇಳಿಲ್ಲ. ಹೇಳದೆ ಇದ್ದುದನ್ನು ಹೇಳಿದೆಯೆಂದು ಹೊರಿಸುವುದು ಗ್ರಂಥಕ್ಕೆ ಮಾಡುವ ಗೌರವವಲ್ಲ. ಇದಕ್ಕೆ ಪ್ರತಿಯಾಗಿ, ಪ್ರಾಚೀನರು ಕುರುಡು ರೂಢಿಯಿಂದ ಕೆಲಸ ಮಾಡುತ್ತಿದ್ದರೆಂಬ ಮಾತೂ ಅಷ್ಟೇ ಅಸಾಧು. ಅವರಿಗೆ ಕಾರಣವು ತಿಳಿಯದಿದ್ದರೂ ವ್ಯಾಪ್ತಿಯು ತಿಳಿದಿತ್ತು. ಎಲ್ಲಿ ಚೂಲಿಕೆಯೋ ಅಲ್ಲಿ ಶುದ್ಧಿಯೆಂಬುದನ್ನು ಅವರು ಅನೇಕ ಸಲ ಕಂಡು ನಿಶ್ಚಯಿಸಿದ್ದರು. ತರ್ಕಶಾಸ್ತ್ರದ ದೃಷ್ಟಿಯಿಂದ ಅದು ಸದ್ಧೇತುವೇ ಆಗಿದೆ.

ಹಳೆಯ ಪರೀಕ್ಷೆಗೂ ಹೊಸ ಮಾಪಕಕ್ಕೂ ಒಂದು ಒಳಸಾಮ್ಯವಿರುವುದನ್ನೂ ಇಲ್ಲಿ ಹೇಳಬೇಕು. ಜಿರ್ಕೋನಿಯಾದ ಕೋಶವು ಲೋಹದಲ್ಲಿರುವ ಸಮಸ್ತ ಆಮ್ಲಜನಕವನ್ನು ಅಳೆಯುವುದಿಲ್ಲ. ಬಂಧನಕ್ಕೆ ಸಿಕ್ಕದೆ ಸ್ವತಂತ್ರವಾಗಿರುವುದನ್ನು ಮಾತ್ರ ಅಳೆಯುತ್ತದೆ. ಉಕ್ಕಿಗೆ ಅಲ್ಯೂಮಿನಿಯಮ್ ಹಾಕಿದೊಡನೆ ಮಾಪಕದ ಲೆಕ್ಕವು ಇಳಿದುಹೋಗುವುದು. ಆಮ್ಲಜನಕವು ಭಸ್ಮದ ಕಣಗಳಾಗಿ ಅಲ್ಲಿಯೇ ತೇಲುತ್ತಿದ್ದರೂ ಕೋಶವು ಅದನ್ನು ಕಾಣದು. ಸೀಸವು ಬೆರೆತ ಬೆಳ್ಳಿಯಲ್ಲಿ ಜುಟ್ಟು ಏಳದಿರುವುದಕ್ಕೂ ಇದೇ ಕಾರಣ. ಮೌರ್ಯರ ಅಕ್ಷಶಾಲೆಯ ಚೂಲಿಕೆಯೂ ಇಂದಿನ ಕೋಶವೂ ಸ್ವತಂತ್ರವಾದ ವಾಯುವಿಗೆ ಮಾತ್ರ ಸಾಕ್ಷಿ ನುಡಿಯುತ್ತವೆ. ಭೇದವಿರುವುದು ಇಷ್ಟರಲ್ಲಿ: ಮೊದಲನೆಯದು ಉಂಟು ಇಲ್ಲ ಎಂದು ಹೇಳುತ್ತದೆ, ಎರಡನೆಯದು ಎಷ್ಟೆಂದು ಹೇಳುತ್ತದೆ.

ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ದೊರೆಯುವ ಪ್ರಯೋಜನವೊಂದುಂಟು. ಚೂಲಿಕಾಶಬ್ದವನ್ನು ಗುಳ್ಳೆಯೆಂದು ಅರ್ಥೈಸಿದರೆ ಅರ್ಥಶಾಸ್ತ್ರವೂ ರಸಾರ್ಣವವೂ ಒಂದಕ್ಕೊಂದು ವಿರುದ್ಧವಾಗುತ್ತವೆ. ಜುಟ್ಟೆಂದು ಅರ್ಥೈಸಿದರೆ ಎರಡೂ ಸಮನ್ವಯವಾಗುತ್ತವೆ. ಈ ನಿರ್ಣಯವನ್ನು ಮಾಡಿಕೊಟ್ಟುದು ವ್ಯಾಕರಣವೊಂದೇ ಅಲ್ಲ, ಮೂಸೆಯೂ ಹೌದು. ಕನ್ನಡದ ಶಾಸ್ತ್ರಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಲೋಹದ ಕೆಲಸಕ್ಕೆ ಸೇರಿದ ಪದಗಳು ಎಷ್ಟೋ ಇವೆ; ಅವುಗಳ ಅರ್ಥವನ್ನು ಬಲ್ಲವರು ಅಕ್ಕಸಾಲಿಗರು, ಕಂಚುಗಾರರು, ಕಮ್ಮಾರರು. ರಾಯಚೂರು, ದೇವದುರ್ಗ, ಮಾನವಿಗಳ ಪೇಟೆಗಳಲ್ಲಿ ತಂದೆಯಿಂದ ಮಗನಿಗೆ ಕುಲುಮೆಯ ಕೆಲಸವು ನಡೆದು ಬಂದ ಮನೆಗಳಲ್ಲಿ, ಕರಗಿದ ಬೆಳ್ಳಿಯು ಉಗುಳುವುದಕ್ಕೆ, ಮೈಮೇಲಿನ ಪೊರೆ ಹರಿಯುವುದಕ್ಕೆ, ಕೊನೆಯ ಮಿಂಚಿಗೆ ಯಾವ ಯಾವ ಮಾತುಗಳಿವೆಯೆಂಬುದನ್ನು ಕೇಳಿ ಬರೆದುಕೊಳ್ಳುವುದು ಆವಶ್ಯಕವಾಗಿದೆ. ಆ ಮಾತುಗಳು ದೊರೆತರೆ ಅರ್ಥಶಾಸ್ತ್ರದ ಇಡೀ ಅಕ್ಷಶಾಲಾಪ್ರಕರಣಕ್ಕೆ ಕನ್ನಡದಲ್ಲಿ ಒಂದು ಪ್ರಾಮಾಣಿಕವಾದ ಟೀಕೆಯನ್ನು ಬರೆಯಲು ಸಾಧ್ಯವಾಗುವುದು.